ಡಾ. ಚಾರ್ಲ್ಸ್ ಬ್ರೆಂಟನ್ ಹಗ್ಗಿನ್ಸ್: ಬಳಕೆಯ ಔಷಧಿಗೆ ಹೊಸ ಕಾರ್ಯ ಕಂಡ ಶಸ್ತ್ರವೈದ್ಯ

ಅರ್ಬುದರೋಗವೆಂದರೆ ಶರೀರದ ಕಟ್ಟಳೆಯನ್ನು ಮುರಿದು ಸ್ವೇಚ್ಛೆಯಾಗಿ ಬೆಳೆಯುವ ಜೀವಕೋಶಗಳ ದಂಗೆ ಎಂಬ ಭಾವನೆ ಇಪ್ಪತ್ತನೆಯ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ವೈದ್ಯಲೋಕದಲ್ಲಿ ಬಲವಾಗಿ ಬೇರೂರಿದ್ದಿತು. ದಂಗೆಯೆದ್ದ ಕೋಶ ಯಾರ ಮಾತನ್ನೂ ಕೇಳದು; ಅದನ್ನು ಶಸ್ತ್ರದಿಂದ ಕತ್ತರಿಸಿ ತೆಗೆಯಬೇಕು, ಇಲ್ಲವೇ ಕಿರಣಗಳಿಂದ ಸುಡಬೇಕು. ಅದು ಮೂಳೆಗಳಿಗೆ ಹರಡಿದ ಮೇಲೆ ನೋವು ಮರೆಸುವ ಮದ್ದಿನ ಹೊರತು ವೈದ್ಯನ ಕೈಯಲ್ಲಿ ಬೇರೇನೂ ಉಳಿಯುತ್ತಿರಲಿಲ್ಲ. ಈ ಭಾವನೆಯನ್ನು 1941ರಲ್ಲಿ ಬುಡಸಹಿತ ಅಲುಗಾಡಿಸಿದವರು ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದ ಡಾ. ಚಾರ್ಲ್ಸ್ ಬ್ರೆಂಟನ್ ಹಗ್ಗಿನ್ಸ್ ಅವರು. ಅದಕ್ಕಾಗಿ ಅವರು ಹೊಸ ಔಷಧಿಯೊಂದನ್ನು ಸೃಷ್ಟಿಸಲಿಲ್ಲ. ಸ್ತ್ರೀಯರ ತೊಂದರೆಗಳಿಗೆಂದು ಅದಾಗಲೇ ಸಿದ್ಧವಾಗಿದ್ದ ಗುಳಿಗೆಯೊಂದನ್ನು, ಯಾರೂ ಎಣಿಸದಿದ್ದ ಕಡೆ ಪ್ರಯೋಗಿಸಿ, ಫಲವನ್ನು ಅಳೆದು ತೋರಿಸಿದರು. ಬಳಕೆಯಲ್ಲಿರುವ ಔಷಧಿಗಳನ್ನು ಪ್ರಯೋಗಶಾಲೆಯಲ್ಲಿ ಪ್ರಾಸ್ಟೇಟ್ ಅರ್ಬುದದ ಕೋಶಗಳ ಮೇಲೆ ಒಂದೊಂದಾಗಿ ಪರೀಕ್ಷಿಸುವ ಕಾರ್ಯ ಇಂದು ಅನೇಕ ದೇಶಗಳಲ್ಲಿ ನಡೆದಿದೆ. ಆ ಕಾರ್ಯದ ಶಕ್ತಿ ಯಾವುದು, ಮಿತಿ ಯಾವುದು ಎಂಬುದನ್ನು ಅರಿಯಬಯಸುವವರು ಈ ಮಹನೀಯರ ಜೀವನದಿಂದಲೇ ಆರಂಭಿಸುವುದು ಉಚಿತ.

ಹಗ್ಗಿನ್ಸ್ ಅವರು ಜನಿಸಿದ್ದು 1901ರ ಸೆಪ್ಟೆಂಬರ್ 22ರಂದು, ಕೆನಡಾ ದೇಶದ ಪೂರ್ವ ಕರಾವಳಿಯ ಹ್ಯಾಲಿಫ್ಯಾಕ್ಸ್ ನಗರದಲ್ಲಿ. ತಂದೆ ಔಷಧ ವ್ಯಾಪಾರದವರು. ಔಷಧದಂಗಡಿಯವರ ಮಗನೇ ಮುಂದೆ ಔಷಧಿಯೊಂದಕ್ಕೆ ಹೊಸ ಕೆಲಸ ಹಚ್ಚಿದ್ದು ಕೇವಲ ಯೋಗಾಯೋಗವಿರಬಹುದು. ಆದರೂ ನೆನೆಯಲು ಸೊಗಸಾಗಿದೆ. ಬಾಲಕ ಚುರುಕುಬುದ್ಧಿಯವನು. ವುಲ್ಫ್‌ವಿಲ್ ಎಂಬ ಚಿಕ್ಕ ಊರಿನ ಅಕೇಡಿಯಾ ವಿಶ್ವವಿದ್ಯಾನಿಲಯದಲ್ಲಿ 1920ರಲ್ಲಿ ಪದವಿ ಪಡೆದಾಗ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ದೊಡ್ಡ ಹೆಸರಿಲ್ಲದ ಆ ವಿದ್ಯಾಸಂಸ್ಥೆಯ ಋಣವನ್ನು ಅವರು ಕೊನೆಯವರೆಗೂ ಮರೆಯಲಿಲ್ಲವೆಂಬುದನ್ನು ಮುಂದೆ ಕಾಣುವೆವು. ಅಲ್ಲಿಂದ ಹಾರ್ವರ್ಡಿನ ವೈದ್ಯ ವಿದ್ಯಾಲಯ, 1924ರಲ್ಲಿ ವೈದ್ಯ ಪದವಿ, ಬಳಿಕ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಶಸ್ತ್ರವೈದ್ಯದ ತರಬೇತಿ. ಅಲ್ಲಿ ದಾದಿಯಾಗಿದ್ದ ಮಾರ್ಗರೆಟ್ ವೆಲ್ಮನ್ ಅವರನ್ನು 1927ರಲ್ಲಿ ವಿವಾಹವಾದರು.

ಅದೇ ವರ್ಷ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಹೊಸದಾಗಿ ವೈದ್ಯ ವಿದ್ಯಾಲಯ ತಲೆಯೆತ್ತುತ್ತಲಿದ್ದಿತು. ಶಸ್ತ್ರವೈದ್ಯ ವಿಭಾಗದ ಮುಖ್ಯಸ್ಥರಾದ ಡಾ. ಡಲ್ಲಾಸ್ ಫೆಮಿಸ್ಟರ್ ಅವರು ಆರಿಸಿಕೊಂಡ ಮೊದಲ ಅಧ್ಯಾಪಕರ ಗುಂಪಿನಲ್ಲಿ ಈ ತರುಣರೂ ಇದ್ದರು. ಕೆಲವು ಕಾಲದ ಮೇಲೆ ಮೂತ್ರಾಂಗಗಳ ಶಸ್ತ್ರವೈದ್ಯ ಶಾಖೆಯನ್ನು ಇವರಿಗೆ ವಹಿಸಲಾಯಿತು. ಆ ಶಾಖೆಯಲ್ಲಿ ಇವರಿಗೆ ವಿಶೇಷ ಶಿಕ್ಷಣವೇನೂ ಇರಲಿಲ್ಲ. ಪುಸ್ತಕಗಳನ್ನು ಮುಂದಿಟ್ಟುಕೊಂಡು ತಾವೇ ಕಲಿತರು. ಗುರುವಿಲ್ಲದೆ ಕಲಿತವರಿಗೆ ಒಂದು ಲಾಭವುಂಟು. ಆ ಶಾಸ್ತ್ರದಲ್ಲಿ ಯಾವುದು ಅಸಾಧ್ಯವೆಂದು ಹಿರಿಯರು ತೀರ್ಮಾನಿಸಿರುವರೋ ಅದು ಅವರ ತಲೆಗೆ ಹತ್ತಿರುವುದಿಲ್ಲ.

1931ರಲ್ಲಿ ಹಗ್ಗಿನ್ಸ್ ಅವರು ಯೂರೋಪಿಗೆ ತೆರಳಿದರು. ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ರಾಬರ್ಟ್ ರಾಬಿಸನ್ ಅವರು ಮೂಳೆಗಳ ರಚನೆಗೂ ಫಾಸ್ಫಟೇಸ್ ಎಂಬ ಕಿಣ್ವಕ್ಕೂ ಇರುವ ಸಂಬಂಧವನ್ನು ಶೋಧಿಸುತ್ತಿದ್ದರು. ಅಲ್ಲಿ ಶಸ್ತ್ರವೈದ್ಯರು ರಸಾಯನಶಾಸ್ತ್ರದ ಶಿಷ್ಯರಾದರು. ರೋಗವನ್ನು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಅರಿಯುವುದರ ಜೊತೆಗೆ ಅದನ್ನು ಅಂಕೆಯಲ್ಲಿ ಅಳೆಯಬೇಕೆಂಬ ಪಾಠ ಅವರಿಗೆ ದೊರೆತದ್ದು ಇಲ್ಲಿ. ಕಿಣ್ವಗಳ ಈ ಪರಿಚಯವೇ ಹತ್ತು ವರ್ಷಗಳ ಮೇಲೆ ಅವರ ಕೈ ಹಿಡಿಯಿತು.

ಪ್ರಾಸ್ಟೇಟ್ ಎಂಬುದು ಪುರುಷರಲ್ಲಿ ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತಿಕೊಂಡಿರುವ ಅಕ್ರೋಟಿನ ಗಾತ್ರದ ಗ್ರಂಥಿ. ವೀರ್ಯದ ದ್ರವಭಾಗದಲ್ಲಿ ಒಂದು ಪಾಲು ಇದರಿಂದ ಸ್ರವಿಸುತ್ತದೆ. ವಯಸ್ಸಾದಂತೆ ಇದು ಹಿಗ್ಗುವುದು ಸಾಮಾನ್ಯ. ಕೆಲವರಲ್ಲಿ ಅರ್ಬುದವೂ ಹುಟ್ಟುತ್ತದೆ, ಹುಟ್ಟಿದ್ದು ಬೆನ್ನುಮೂಳೆ ಸೊಂಟದ ಮೂಳೆಗಳಿಗೆ ಹರಡುತ್ತದೆ. ಈ ಗ್ರಂಥಿಯ ಕಾಯಿಲೆ ಮನುಷ್ಯನನ್ನು ಬಿಟ್ಟರೆ ಮುದಿ ನಾಯಿಗಳಲ್ಲಿ ಕಾಣುವುದುಂಟು. ಹಗ್ಗಿನ್ಸ್ ಅವರು ನಾಯಿಯ ಪ್ರಾಸ್ಟೇಟನ್ನು ಮೂತ್ರಮಾರ್ಗದಿಂದ ಬೇರ್ಪಡಿಸಿ, ಅದರ ಸ್ರಾವ ಮಾತ್ರ ಹೊರಗೆ ಬಂದು ಸಂಗ್ರಹವಾಗುವಂತೆ ಒಂದು ಶಸ್ತ್ರಕ್ರಿಯೆಯನ್ನು ರೂಪಿಸಿದರು. ಈಗ ಗ್ರಂಥಿ ದಿನಕ್ಕೆ ಎಷ್ಟು ದುಡಿಯಿತೆಂಬುದನ್ನು ಗಾಜಿನ ಕೊಳವೆಯಲ್ಲಿ ಅಳೆಯಬಹುದಾಯಿತು. ಈ ಅಧ್ಯಯನ 1939ರಲ್ಲಿ ಪ್ರಕಟವಾಯಿತು.

ಫಲಿತಾಂಶ ಸ್ಪಷ್ಟವಾಗಿದ್ದಿತು. ನಾಯಿಯ ವೃಷಣಗಳನ್ನು ತೆಗೆದರೆ ಸ್ರಾವ ನಿಂತು ಗ್ರಂಥಿ ಕುಗ್ಗುತ್ತದೆ. ಪುರುಷ ಹಾರ್ಮೋನನ್ನು ಚುಚ್ಚಿದರೆ ಸ್ರಾವ ಮತ್ತೆ ತೊಡಗುತ್ತದೆ. ಜೊತೆಗೆ ಸ್ತ್ರೀ ಹಾರ್ಮೋನಾದ ಈಸ್ಟ್ರೊಜೆನನ್ನು ಕೊಟ್ಟರೆ ಪುನಃ ತಗ್ಗುತ್ತದೆ. ಪ್ರಯೋಗಕ್ಕೆ ತಂದ ಮುದಿ ನಾಯಿಗಳಲ್ಲಿ ಕೆಲವಕ್ಕೆ ಮೊದಲೇ ಪ್ರಾಸ್ಟೇಟಿನಲ್ಲಿ ಗೆಡ್ಡೆ ಇದ್ದಿತು. ಲೆಕ್ಕ ಕೆಡಿಸುವ ಇಂತಹ ಪ್ರಾಣಿಗಳು ಎದುರಾದಾಗ ಮೊದಲು ಬೇಸರವೇ ಆಯಿತಂತೆ. ಆದರೆ ವೃಷಣ ತೆಗೆದ ಮೇಲೆ ಆ ಗೆಡ್ಡೆಗಳೂ ಕುಗ್ಗಿದವು! ಅಂದಿನಿಂದ ಗೆಡ್ಡೆಯುಳ್ಳ ನಾಯಿಗಳನ್ನೇ ಹುಡುಕಿ ತರುವ ಕಾಲ ಬಂದಿತು.

ನಾಯಿಯಲ್ಲಿ ಕಂಡದ್ದು ಮನುಷ್ಯನ ಅರ್ಬುದದಲ್ಲಿಯೂ ನಿಜವೇ? ಮೂಳೆಯೊಳಗೆ ಅಡಗಿ ಬೆಳೆಯುವ ಗೆಡ್ಡೆ ಕುಗ್ಗಿತೋ ಇಲ್ಲವೋ ಎಂಬುದನ್ನು ಬದುಕಿರುವ ರೋಗಿಯಲ್ಲಿ ತಿಳಿಯುವ ಬಗೆಯಾದರೂ ಏನು? ಇದಕ್ಕೆ ಉತ್ತರ ಅಷ್ಟರಲ್ಲಿ ಸಿದ್ಧವಾಗಿದ್ದಿತು. ಪ್ರಾಸ್ಟೇಟಿನಲ್ಲಿ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವ ಅಪಾರವಾಗಿದೆಯೆಂದು ಜರ್ಮನಿಯಲ್ಲಿ 1935ರಲ್ಲಿ ತಿಳಿದುಬಂದಿದ್ದಿತು. ಈ ಗ್ರಂಥಿಯ ಅರ್ಬುದ ಮೂಳೆಗೆ ಹರಡಿದವರ ರಕ್ತದಲ್ಲಿ ಅದೇ ಕಿಣ್ವ ಏರುತ್ತದೆಂಬುದನ್ನು ನ್ಯೂಯಾರ್ಕಿನ ಗುಟ್ಮನ್ ದಂಪತಿಗಳು 1938ರಲ್ಲಿ ತೋರಿಸಿದ್ದರು. ಆದುದರಿಂದ ರೋಗಿಯ ರಕ್ತವೇ ಗೆಡ್ಡೆಯ ಸಮಾಚಾರವನ್ನು ಹೊರಗೆ ತರುತ್ತಿದ್ದಿತು. ಅದನ್ನು ಓದಬಲ್ಲ ರಸಾಯನಜ್ಞಾನ ಹಗ್ಗಿನ್ಸ್ ಅವರಿಗೆ ಇದ್ದಿತು.

ಕ್ಲಾರೆನ್ಸ್ ಹಾಡ್ಜಸ್ ಎಂಬ ಕಿರಿಯ ಸಹೋದ್ಯೋಗಿಯೊಡನೆ ಅವರು ಎಂಟು ಮಂದಿ ರೋಗಿಗಳಲ್ಲಿ ಮಾಡಿದ ಪರೀಕ್ಷೆಯ ವರದಿ 1941ರಲ್ಲಿ, ‘ಕ್ಯಾನ್ಸರ್ ರಿಸರ್ಚ್’ ಪತ್ರಿಕೆಯ ಮೊದಲನೆಯ ಸಂಪುಟದಲ್ಲಿ ಬೆಳಕು ಕಂಡಿತು. ವೃಷಣಗಳನ್ನು ತೆಗೆದಾಗ ಕಿಣ್ವದ ಅಂಕೆ ಇಳಿಯಿತು. ಈಸ್ಟ್ರೊಜೆನ್ ಕೊಟ್ಟಾಗಲೂ ಇಳಿಯಿತು. ಪುರುಷ ಹಾರ್ಮೋನು ಚುಚ್ಚಿದಾಗ ಏರಿತು. ಕೊಡುವುದು, ಕಳೆಯುವುದು, ಪ್ರತಿ ಸಲವೂ ಅಳೆಯುವುದು: ನಾಯಿಯಲ್ಲಿ ಅನುಸರಿಸಿದ ಕ್ರಮವೇ ಇದು. ಎಂಟು ಎಂಬುದು ಬಹಳ ಚಿಕ್ಕ ಸಂಖ್ಯೆ ನಿಜ. ಆದರೆ ಎರಡು ದಿಕ್ಕಿನಲ್ಲಿಯೂ ಅಂಕೆ ಹೇಳಿದಂತೆ ಕೇಳಿದಾಗ ಅನುಮಾನಕ್ಕೆ ಎಡೆಯುಳಿಯಲಿಲ್ಲ. ಅದೇ ವರ್ಷ ಇಪ್ಪತ್ತೊಂದು ಮಂದಿಗೆ ವೃಷಣ ತೆಗೆದುದರ ಫಲವನ್ನೂ ಪ್ರಕಟಿಸಿದರು. ಅವರಲ್ಲಿ ಹೆಚ್ಚಿನವರು ಚೇತರಿಸಿಕೊಂಡರು. ಮೂಳೆನೋವಿನಿಂದ ಹಾಸಿಗೆ ಹಿಡಿದಿದ್ದವರ ನೋವು ಕೆಲವೇ ದಿನಗಳಲ್ಲಿ ತಗ್ಗಿತು, ಹಸಿವು ಮರಳಿತು, ಎದ್ದು ಓಡಾಡಿದರು. ಗ್ಲಾಸ್ಗೋದ ಬೀಟ್ಸನ್ ಎಂಬ ಶಸ್ತ್ರವೈದ್ಯರು 1896ರಲ್ಲಿಯೇ ಅಂಡಾಶಯಗಳನ್ನು ತೆಗೆದು ಸ್ತನದ ಅರ್ಬುದ ಕುಗ್ಗಿದುದನ್ನು ವರದಿ ಮಾಡಿದ್ದರೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಅವರಿಗೆ ಇಲ್ಲದಿದ್ದುದು, ಕಾರಣವನ್ನು ಹೇಳಬಲ್ಲ ಹಾರ್ಮೋನು ವಿಜ್ಞಾನ ಮತ್ತು ಅಳತೆಗೋಲು.

ಇನ್ನು ಔಷಧಿಯ ಮಾತು. ಸ್ಟಿಲ್ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೊಜೆನನ್ನು ಇಂಗ್ಲೆಂಡಿನ ಎಡ್ವರ್ಡ್ ಚಾರ್ಲ್ಸ್ ಡಾಡ್ಸ್ ಮತ್ತು ಅವರ ಸಂಗಡಿಗರು 1938ರಲ್ಲಿ ಲೋಕಕ್ಕೆ ತಿಳಿಸಿದ್ದರು. ಬಾಯಿಯ ಮೂಲಕ ಸೇವಿಸಬಹುದು, ಬೆಲೆ ಕಡಿಮೆ, ಯಾರ ಹಕ್ಕಿಗೂ ಒಳಪಡಿಸದ ಕಾರಣ ಯಾರು ಬೇಕಾದರೂ ತಯಾರಿಸಬಹುದು. ಮುಟ್ಟು ನಿಲ್ಲುವ ಕಾಲದ ಸ್ತ್ರೀಯರ ಬಾಧೆಗಳಿಗೆ ಕೊಡುತ್ತಿದ್ದ ಈ ಗುಳಿಗೆ ಹಗ್ಗಿನ್ಸ್ ಅವರ ಶೋಧದಿಂದಾಗಿ ಮುದುಕರ ಅರ್ಬುದಕ್ಕೆ ಮದ್ದಾಯಿತು. ಹರಡಿದ ಅರ್ಬುದವೊಂದನ್ನು ನುಂಗುವ ಗುಳಿಗೆಯಿಂದ ತಡೆಯಬಹುದೆಂಬುದನ್ನು ಜಗತ್ತು ಮೊದಲು ಕಂಡದ್ದು ಹೀಗೆ.

ಆದರೆ ತಡೆಯಿತೇ ಹೊರತು ಅಳಿಸಲಿಲ್ಲ. ಕೆಲವು ತಿಂಗಳು, ಕೆಲವು ವರ್ಷ ಕಳೆದ ಮೇಲೆ ಬಹುಮಂದಿಯಲ್ಲಿ ರೋಗ ಮರುಕಳಿಸಿತು. ಅಡ್ರಿನಲ್ ಗ್ರಂಥಿಗಳೂ ಅಲ್ಪಪ್ರಮಾಣದಲ್ಲಿ ಪುರುಷ ಹಾರ್ಮೋನುಗಳನ್ನು ಹುಟ್ಟಿಸುತ್ತವೆಂದು ಬಲ್ಲ ಹಗ್ಗಿನ್ಸ್ ಅವರು, ವಿಲಿಯಂ ಸ್ಕಾಟ್ ಅವರೊಡನೆ ಕೆಲವೇ ರೋಗಿಗಳಲ್ಲಿ ಎರಡೂ ಅಡ್ರಿನಲ್‌ಗಳನ್ನು ತೆಗೆದು 1945ರಲ್ಲಿ ವರದಿ ಮಾಡಿದರು. ಅಡ್ರಿನಲ್ ಇಲ್ಲದೆ ಮನುಷ್ಯ ಬದುಕಲಾರ; ಅದರ ಕೊರತೆ ತುಂಬುವ ಸಮರ್ಥ ಔಷಧಿ ಆಗ ಇರಲಿಲ್ಲ. ರೋಗಿಗಳು ಉಳಿಯಲಿಲ್ಲ. ಈ ಅಧ್ಯಾಯವನ್ನು ಮರೆಮಾಚಿ ಜೀವನಚರಿತ್ರೆ ಬರೆಯುವುದು ಸರಿಯಲ್ಲ. ಸಾವಿನ ಅಂಚಿನಲ್ಲಿದ್ದವರೆಂಬುದು ಸಮಾಧಾನವಿರಬಹುದು. ತರ್ಕ ಸರಿಯಿದ್ದರೂ ಶರೀರ ಅದನ್ನು ತಾಳಬೇಕಲ್ಲವೇ? ಕಾರ್ಟಿಸೋನ್ ಬಳಕೆಗೆ ಬಂದ ಬಳಿಕವೇ, 1950ರ ದಶಕದ ಆರಂಭದಲ್ಲಿ, ಬರ್ಗೆನ್‌ಸ್ಟಾಲ್ ಅವರೊಡನೆ ಈ ಶಸ್ತ್ರಕ್ರಿಯೆಯನ್ನು ಪುನಃ ಕೈಗೊಂಡು ಪ್ರಾಸ್ಟೇಟ್ ಮತ್ತು ಸ್ತನದ ಅರ್ಬುದಗಳೆರಡರಲ್ಲಿಯೂ ಕೆಲವರಿಗೆ ಉಪಶಮನ ದೊರಕಿಸಿದರು. ಸಂಧಿವಾತದ ಮದ್ದೆಂದು ಹೆಸರಾಗಿದ್ದ ಕಾರ್ಟಿಸೋನ್ ಇಲ್ಲಿ ಅಡ್ರಿನಲ್ ಇಲ್ಲದವರ ಜೀವ ಹಿಡಿದು ನಿಲ್ಲಿಸಿತು.

1951ರಲ್ಲಿ ಷಿಕಾಗೋದಲ್ಲಿ ಬೆನ್ ಮೇ ಅರ್ಬುದ ಸಂಶೋಧನಾಲಯ ಆರಂಭವಾಗಿ ಹಗ್ಗಿನ್ಸ್ ಅವರು ಅದರ ನಿರ್ದೇಶಕರಾದರು. ಬೆನ್ ಮೇ ಅವರು ಅಲಬಾಮಾ ಪ್ರಾಂತದ ಮೊಬೀಲ್ ನಗರದ ಮರದ ವ್ಯಾಪಾರಿ. ದೂರದ ನಗರಗಳ ರೋಗಿಗಳಿಗಾಗಿ, ತಾವು ಎಂದೂ ಪ್ರವೇಶಿಸದ ಶಾಸ್ತ್ರಕ್ಕಾಗಿ ಹಣ ಕೊಟ್ಟ ಇಂತಹ ದಾನಿಗಳ ಹೆಸರು ವಿಜ್ಞಾನದ ಪುಸ್ತಕಗಳಲ್ಲಿ ಒಂದು ಸಾಲಿಗಿಂತ ಹೆಚ್ಚು ಜಾಗ ಪಡೆಯುವುದಿಲ್ಲ. ನಿರ್ದೇಶಕರಾದ ಮೇಲೆಯೂ ಹಗ್ಗಿನ್ಸ್ ಅವರು ದೊಡ್ಡ ಪರಿವಾರ ಕಟ್ಟಲಿಲ್ಲ. ಸಹಾಯಕರು ಕೆಲವೇ ಮಂದಿ. ಪ್ರಯೋಗ ಸ್ವಂತ ಕೈಯಿಂದಲೇ. ಸಭೆ ಸಮಿತಿಗಳಿಗೆ ಅವರು ಸಮಯ ಕೊಟ್ಟದ್ದು ಕಡಿಮೆ. ಆ ಸಂಶೋಧನಾಲಯದಲ್ಲಿಯೇ ಎಲ್ವುಡ್ ಜೆನ್ಸನ್ ಅವರು ಈಸ್ಟ್ರೊಜೆನನ್ನು ಹಿಡಿದಿಡುವ ಗ್ರಾಹಕವನ್ನು ಕಂಡರು. ಷುತ್ಸುಂಗ್ ಲಿಯಾವೋ ಅವರು ಪುರುಷ ಹಾರ್ಮೋನಿನ ಗ್ರಾಹಕದ ಕಡೆಗೆ ದಾರಿ ತೆರೆದರು. ಕೋಶವು ಹಾರ್ಮೋನಿನ ಮಾತನ್ನು ಯಾವ ಕಿವಿಯಿಂದ ಕೇಳುತ್ತದೆಂಬುದು ಹೀಗೆ ತಿಳಿಯಿತು.

1966ರಲ್ಲಿ ಹಗ್ಗಿನ್ಸ್ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಕೋಳಿಗಳ ಅರ್ಬುದಕ್ಕೆ ವೈರಸ್ ಕಾರಣವೆಂದು 1911ರಲ್ಲಿ ತೋರಿಸಿ, ಐವತ್ತೈದು ವರ್ಷ ಕಾದ ಪೇಟನ್ ರೌಸ್ ಅವರು ಪಾರಿತೋಷಕದ ಸಹಭಾಗಿ. ಅವರೆದುರು ಇಪ್ಪತ್ತೈದು ವರ್ಷ ಕಾದ ಹಗ್ಗಿನ್ಸ್ ಅವರು ಅವಸರದಲ್ಲಿ ಪಡೆದವರೆಂದೇ ಹೇಳಬೇಕು.

ಮರುವರ್ಷವೇ, ಅಂದರೆ 1967ರಲ್ಲಿ, ಆ ಗುಳಿಗೆಯ ಇನ್ನೊಂದು ಮುಖ ಹೊರಬಿದ್ದಿತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು ಕೂಡಿ ನಡೆಸಿದ ದೊಡ್ಡ ಪರೀಕ್ಷೆಯಲ್ಲಿ, ದಿನಕ್ಕೆ 5 ಮಿಲಿಗ್ರಾಂ ಸ್ಟಿಲ್ಬೆಸ್ಟ್ರಾಲ್ ಸೇವಿಸಿದವರಲ್ಲಿ ಅರ್ಬುದದಿಂದ ಸಾಯುವವರು ಕಡಿಮೆಯಾದರೂ ಹೃದಯ ಮತ್ತು ರಕ್ತನಾಳಗಳ ರೋಗದಿಂದ ಸಾಯುವವರು ಹೆಚ್ಚಾದರೆಂದು ತಿಳಿಯಿತು. 1971ರಲ್ಲಿ ಮತ್ತೊಂದು ಆಘಾತ: ಗರ್ಭಿಣಿಯಾಗಿದ್ದಾಗ ಇದೇ ಔಷಧಿ ಸೇವಿಸಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಅಪರೂಪದ ಅರ್ಬುದ ಕಾಣಿಸಿಕೊಂಡಿತು. ಬಳಕೆಯಲ್ಲಿದೆ ಎಂದ ಮಾತ್ರಕ್ಕೆ ಔಷಧಿಯೊಂದು ಪೂರ್ಣವಾಗಿ ಪರಿಚಿತವಾಗಿದೆ ಎಂದಲ್ಲ. ಪುರುಷ ಹಾರ್ಮೋನನ್ನು ಅಡಗಿಸುವ ಚುಚ್ಚುಮದ್ದುಗಳು 1980ರ ದಶಕದಲ್ಲಿ ಬಂದ ಮೇಲೆ ಸ್ಟಿಲ್ಬೆಸ್ಟ್ರಾಲ್ ಹಿಂದೆ ಸರಿಯಿತು. ವೃಷಣ ತೆಗೆಯುವ ಶಸ್ತ್ರಕ್ರಿಯೆ ಮಾತ್ರ ಉಳಿದಿದೆ. ಚುಚ್ಚುಮದ್ದಿನ ಖರ್ಚು ತಾಳಲಾರದ ನಮ್ಮ ದೇಶದ ಅನೇಕ ರೋಗಿಗಳು ಇಂದಿಗೂ ಅದನ್ನೇ ಒಪ್ಪುತ್ತಾರೆ.

1969ರಲ್ಲಿ ನಿರ್ದೇಶಕ ಸ್ಥಾನ ಬಿಟ್ಟುಕೊಟ್ಟ ಹಗ್ಗಿನ್ಸ್ ಅವರು ಪ್ರಯೋಗಶಾಲೆಯನ್ನು ಬಿಡಲಿಲ್ಲ. ತಾವು ಓದಿದ ಚಿಕ್ಕ ಊರಿನ ಅಕೇಡಿಯಾ ವಿಶ್ವವಿದ್ಯಾನಿಲಯ ಕರೆದಾಗ ಅದರ ಕುಲಾಧಿಪತಿ ಪದವಿಯನ್ನು 1972ರಿಂದ 1979ರವರೆಗೆ ವಹಿಸಿಕೊಂಡರು. ಅವರು ಆ ಗೌರವಸ್ಥಾನದಲ್ಲಿದ್ದ ಕೊನೆಯ ವರ್ಷಗಳಲ್ಲಿಯೇ ಅವರ ಕ್ಷೇತ್ರದಲ್ಲಿ ಹೊಸ ಸಾಧನವೊಂದು ಕೈಸೇರಿತು. ರೋಗಿಗಳ ಗೆಡ್ಡೆಯಿಂದ ತೆಗೆದ ಪ್ರಾಸ್ಟೇಟ್ ಅರ್ಬುದದ ಕೋಶಗಳು ಗಾಜಿನ, ಪ್ಲಾಸ್ಟಿಕ್ಕಿನ ಪಾತ್ರೆಗಳಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬೆಳೆಯತೊಡಗಿದವು. ಮಿದುಳಿಗೆ ಹರಡಿದ ಗೆಡ್ಡೆಯಿಂದ ಬಂದ ‘ಡಿಯು-145’ 1978ರಲ್ಲಿ, ಮೂಳೆಯಿಂದ ಬಂದ ‘ಪಿಸಿ-3’ 1979ರಲ್ಲಿ, ದುಗ್ಧಗ್ರಂಥಿಯಿಂದ ಬಂದ ‘ಎಲ್‌ಎನ್‌ಕ್ಯಾಪ್’ 1980ರ ಸುಮಾರಿಗೆ ಪ್ರಸಿದ್ಧವಾದವು. ಅಂಗೈಯಗಲದ ತಟ್ಟೆಯಲ್ಲಿ ತೊಂಬತ್ತಾರು ಕುಳಿಗಳು. ಒಂದೊಂದು ಕುಳಿಯಲ್ಲಿ ಸಾವಿರಾರು ಕೋಶಗಳು. ಒಂದೊಂದಕ್ಕೆ ಒಂದೊಂದು ಔಷಧಿಯ ತೊಟ್ಟು. ಎರಡು ಮೂರು ದಿನಗಳ ಮೇಲೆ ಬಣ್ಣ ಹಾಕಿ ಬದುಕಿರುವ ಕೋಶಗಳನ್ನು ಲೆಕ್ಕಿಸಿದರಾಯಿತು. ಅಂಗಡಿಯಲ್ಲಿರುವ ಔಷಧಿಗಳನ್ನೆಲ್ಲಾ ಕೆಲವೇ ವಾರಗಳಲ್ಲಿ ಹೀಗೆ ಶೋಧಿಸಬಹುದು. ಹಗ್ಗಿನ್ಸ್ ಅವರು ಒಂದು ನಾಯಿಯ ಮುಂದೆ ಕಳೆಯುತ್ತಿದ್ದ ತಿಂಗಳುಗಳು ಇಲ್ಲಿ ಬೇಕಿಲ್ಲ.

ಇಲ್ಲೊಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿದೆ. 1941ರಲ್ಲಿ ಹಗ್ಗಿನ್ಸ್ ಅವರ ಬಳಿ ನಾಯಿಗಳ ಬದಲು ‘ಪಿಸಿ-3’ ಕೋಶಗಳ ತಟ್ಟೆ ಇದ್ದಿದ್ದರೆ ಏನಾಗುತ್ತಿದ್ದಿತು? ಪುರುಷ ಹಾರ್ಮೋನಿನ ಮಾತು ಕೇಳುವ ಗ್ರಾಹಕದ ಕೆಲಸ ಆ ಕೋಶಗಳಲ್ಲಿ ಅಡಗಿಹೋಗಿದೆ. ಹಾರ್ಮೋನು ಇದ್ದರೂ ಬೆಳೆಯುತ್ತವೆ, ಇಲ್ಲದಿದ್ದರೂ ಬೆಳೆಯುತ್ತವೆ. ಸ್ಟಿಲ್ಬೆಸ್ಟ್ರಾಲ್ ಕೂಡ ಮುಖ್ಯವಾಗಿ ಅರ್ಬುದದ ಕೋಶವನ್ನು ಮುಟ್ಟಿ ಗುಣ ತೋರುವುದಲ್ಲ. ಅದು ಮಿದುಳಿನ ಬುಡದ ಪಿಟ್ಯೂಟರಿ ಗ್ರಂಥಿಯನ್ನು ಸುಮ್ಮನಿರಿಸುತ್ತದೆ. ಪಿಟ್ಯೂಟರಿಯ ಆಜ್ಞೆಯಿಲ್ಲದೆ ವೃಷಣ ಸುಮ್ಮನಾಗುತ್ತದೆ. ವೃಷಣದ ಹಾರ್ಮೋನು ಇಲ್ಲದೆ ಗೆಡ್ಡೆ ಸೊರಗುತ್ತದೆ. ತಟ್ಟೆಯ ಕುಳಿಯಲ್ಲಿ ಪಿಟ್ಯೂಟರಿಯೂ ಇಲ್ಲ, ವೃಷಣವೂ ಇಲ್ಲ. ಆದ್ದರಿಂದ ಪ್ರಾಸ್ಟೇಟ್ ಅರ್ಬುದಕ್ಕೆ ದೊರೆತ ಮೊಟ್ಟಮೊದಲ ಗುಳಿಗೆ, ತಟ್ಟೆಯ ಪರೀಕ್ಷೆಯಲ್ಲಿ ನಿಷ್ಪ್ರಯೋಜಕವೆಂದು ಬದಿಗೆ ಸರಿಯುವ ಸಂಭವವೇ ಹೆಚ್ಚು.

ಇದು ಕೇವಲ ಊಹೆಯ ಮಾತಲ್ಲ. ಕೀಟೊಕೊನಜೋಲ್ ಎಂಬುದು ಬೂಷ್ಟಿನಿಂದ ಬರುವ ಸೋಂಕುಗಳಿಗೆ ಮದ್ದು. ತಲೆಹೊಟ್ಟಿನ ಶಾಂಪೂಗಳಲ್ಲಿ ಇದರ ಹೆಸರನ್ನು ವಾಚಕರು ಓದಿರಬಹುದು. ಇದರ ಗುಳಿಗೆ ನುಂಗಿದ ಕೆಲವು ಗಂಡಸರಲ್ಲಿ ಎದೆ ಊದಿಕೊಂಡಿತು. ಕಾರಣ ಹುಡುಕಿದಾಗ, ವೃಷಣ ಮತ್ತು ಅಡ್ರಿನಲ್‌ಗಳಲ್ಲಿ ಪುರುಷ ಹಾರ್ಮೋನಿನ ತಯಾರಿಕೆಯನ್ನೇ ಇದು ತಡೆಯುತ್ತದೆಂದು 1982ರಲ್ಲಿ ಗೊತ್ತಾಯಿತು. ಮುಂದಿನ ವರ್ಷದ ಹೊತ್ತಿಗೆ ಇದನ್ನು ಪ್ರಾಸ್ಟೇಟ್ ಅರ್ಬುದದಲ್ಲಿ ಪ್ರಯೋಗಿಸಲಾಗಿತ್ತು. ಅದೇ ಜಾಡಿನಲ್ಲಿ, ಹೆಚ್ಚು ಗುರಿಯಿಟ್ಟು ಲಂಡನ್ನಿನಲ್ಲಿ ರೂಪಿಸಿದ ಅಬಿರಾಟೆರೋನ್ 2011ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆಯಿತು. ಹಗ್ಗಿನ್ಸ್ ಅವರು 1945ರಲ್ಲಿ ಕತ್ತಿಯಿಂದ ಮಾಡಹೊರಟು ಸೋತ ಅಡ್ರಿನಲ್ ಕಾರ್ಯವನ್ನು ಗುಳಿಗೆಯೊಂದು ಮಾಡಿತು. ಇದರ ಸುಳಿವು ಸಿಕ್ಕಿದ್ದು ರೋಗಿಗಳ ಮೈಯಲ್ಲಿ.

ಹಾಗೆಂದು ತಟ್ಟೆಯ ಪರೀಕ್ಷೆ ವ್ಯರ್ಥವೆಂದಲ್ಲ. 2011ರಲ್ಲಿಯೇ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು 3,187 ರಾಸಾಯನಿಕಗಳನ್ನು ಪ್ರಾಸ್ಟೇಟ್ ಅರ್ಬುದದ ಕೋಶಗಳ ಮೇಲೆ ಪರೀಕ್ಷಿಸಿದ ವರದಿ ಬಂದಿತು. ಕೋಶಗಳನ್ನು ಪ್ರಬಲವಾಗಿ ತಡೆದವುಗಳಲ್ಲಿ ಡಿಜಾಕ್ಸಿನ್ ಎದ್ದುಕಂಡಿತು. ಇದು ಶತಮಾನಗಳಿಂದ ಹೃದ್ರೋಗಕ್ಕೆ ಬಳಸುತ್ತ ಬಂದ ಸಸ್ಯಮೂಲದ ಔಷಧಿಗಳ ವಂಶಕ್ಕೆ ಸೇರಿದ್ದು. ಈ ಸಂಶೋಧಕರು ಅಲ್ಲಿಗೇ ನಿಲ್ಲದೆ, ಇಪ್ಪತ್ತು ವರ್ಷಗಳಿಂದ ಗಮನಿಸುತ್ತ ಬಂದಿದ್ದ 47,884 ಪುರುಷರ ದಾಖಲೆಯನ್ನು ಶೋಧಿಸಿದರು. ಡಿಜಾಕ್ಸಿನ್ ಸೇವಿಸುತ್ತಿದ್ದವರಲ್ಲಿ ಪ್ರಾಸ್ಟೇಟ್ ಅರ್ಬುದ ಸುಮಾರು ಕಾಲುಭಾಗದಷ್ಟು ಕಡಿಮೆ. ಹೀಗೆ ತಟ್ಟೆ ಮತ್ತು ಜನಸಮುದಾಯ ಎರಡನ್ನೂ ಕೂಡಿಸಿ ನೋಡಿದ್ದು ಶ್ಲಾಘನೀಯ. ಆದರೂ ಡಿಜಾಕ್ಸಿನ್ ಈ ಅರ್ಬುದದ ಚಿಕಿತ್ಸೆಯಾಗಿಲ್ಲ. ತಟ್ಟೆಯಲ್ಲಿ ಕೋಶ ಕೊಲ್ಲುವಷ್ಟು ಪ್ರಮಾಣವನ್ನು ರಕ್ತದಲ್ಲಿ ಸುರಕ್ಷಿತವಾಗಿ ಮುಟ್ಟಲು ಬರುತ್ತದೆಯೇ ಎಂಬುದು ಇಂತಹ ಪ್ರತಿಯೊಂದು ಔಷಧಿಗೂ ಎದುರಾಗುವ ಪ್ರಶ್ನೆ; ಡಿಜಾಕ್ಸಿನ್ ವಿಷಯದಲ್ಲಿ ಮದ್ದಿಗೂ ವಿಷಕ್ಕೂ ನಡುವಣ ಅಂತರ ಬಹಳ ಕಿರಿದು. ಪ್ರಯೋಗಶಾಲೆಗಳಲ್ಲಿ ಬಹಳ ಆಸೆ ಹುಟ್ಟಿಸಿದ್ದ ಮಧುಮೇಹದ ಮದ್ದು ಮೆಟ್‌ಫಾರ್ಮಿನ್ ಕೂಡ, 2024ರಲ್ಲಿ ಹೊರಬಂದ ಬ್ರಿಟನ್ನಿನ ದೊಡ್ಡ ಚಿಕಿತ್ಸಾಪರೀಕ್ಷೆಯಲ್ಲಿ, ಹರಡಿದ ಪ್ರಾಸ್ಟೇಟ್ ಅರ್ಬುದದವರ ಆಯುಸ್ಸನ್ನು ಗಣನೀಯವಾಗಿ ಹೆಚ್ಚಿಸಿದಂತೆ ಕಾಣಲಿಲ್ಲ. ಔಷಧದಂಗಡಿಯ ಅಗ್ಗದ ಗುಳಿಗೆಯೊಂದು ಅರ್ಬುದವನ್ನು ಕೊಲ್ಲುತ್ತದೆಂಬ ಸುದ್ದಿ ಓದಿ ವೈದ್ಯರನ್ನು ಕೇಳದೆಯೇ ಅದನ್ನು ತರಿಸಿಕೊಳ್ಳುವವರು ಇಂದು ನಮ್ಮ ನಡುವೆಯೂ ಇದ್ದಾರೆ. ಅವರಿಗೆ ಈ ಎರಡು ಉದಾಹರಣೆಗಳನ್ನು ತಿಳಿಸಬೇಕಾದದ್ದು ಅಗತ್ಯ.

ಈ ಶತಮಾನದ ಈ ಬೆಳವಣಿಗೆಗಳನ್ನು ಕಾಣಲು ಹಗ್ಗಿನ್ಸ್ ಅವರು ಇರಲಿಲ್ಲ. ಪತ್ನಿ ಮಾರ್ಗರೆಟ್ 1983ರಲ್ಲಿ ತೀರಿಕೊಂಡರು. ತಂದೆಯಂತೆಯೇ ಶಸ್ತ್ರವೈದ್ಯರಾಗಿ, ರಕ್ತವನ್ನು ಹೆಪ್ಪುಗಟ್ಟಿಸಿ ಕಾಯ್ದಿಡುವ ವಿಧಾನದಲ್ಲಿ ಹೆಸರು ಮಾಡಿದ ಮಗನೂ 1990ರಲ್ಲಿ ತಂದೆಗಿಂತ ಮೊದಲೇ ಅಗಲಿದರು. ಅವರು ನಂಬಿ ನಡೆದಿದ್ದ ಆಸಿಡ್ ಫಾಸ್ಫಟೇಸ್ ಪರೀಕ್ಷೆಯ ಜಾಗವನ್ನು 1980ರ ದಶಕದಲ್ಲಿ ಪಿ.ಎಸ್.ಎ. ಎಂಬ ಹೆಚ್ಚು ಸೂಕ್ಷ್ಮವಾದ ರಕ್ತಪರೀಕ್ಷೆ ಆಕ್ರಮಿಸಿತು. ಆದರೆ ಚಿಕಿತ್ಸೆಯ ಫಲವನ್ನು ರಕ್ತದ ಅಂಕೆಯಿಂದ ಓದುವ ಪದ್ಧತಿ ಹಾಗೆಯೇ ಮುಂದುವರಿದಿದೆ. 1997ರ ಜನವರಿ 12ರಂದು, ತೊಂಬತ್ತೈದರ ವಯಸ್ಸಿನಲ್ಲಿ, ತಾವು ಎಪ್ಪತ್ತು ವರ್ಷಗಳ ಹಿಂದೆ ಬಂದು ನೆಲೆಸಿದ್ದ ಷಿಕಾಗೋ ನಗರದಲ್ಲಿ ಹಗ್ಗಿನ್ಸ್ ಅವರು ನಿಧನ ಹೊಂದಿದರು.